ಮುರಿಯೋ ಬೋಲ್ಟ್ ಬೇಕು ಅಂಕಲ್

‘ಟಣ್’ ಎಂದು ಸದ್ದಾಯಿತು. ಲೇಔಟಿನ ಮೈದಾನದಲ್ಲಿ ಟ್ರ್ಯಾಕ್ಟರ್ ಹಿಂದೆ ಗರಗರ ತಿರುಗುತ್ತಿದ್ದ ಹುಲ್ಲು ಕತ್ತರಿಸುವ ಮಷಿನ್ ನಿಂತುಹೋಯಿತು.

ಡ್ರೈವರ್ ಕರೆಪ್ಪ ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಕೆಳಗಿಳಿದ. ಮೊಣಕಾಲುದ್ದದ ಹುಲ್ಲಿನೊಳಗೆ ಬಗ್ಗಿ ನೋಡಿದ.

“ಯಾರೋ ಪುಣ್ಯಾತ್ಮರು ಇಲ್ಲಿ ಕಲ್ಲು ಇಟ್ಟಾರ. ಸುಣ್ಣಾ ಬ್ಯಾರೆ ಬಳದಾರ.”

ಗೇಟಿನಾಚೆ ನಿಂತಿದ್ದ ವಿಭಾ ನಾಲಗೆ ಕಚ್ಚಿಕೊಂಡಳು. ಆ ಪುಣ್ಯಾತ್ಮಳು ಅವಳೇ. ಬೇಸಿಗೆ ರಜೆಯಲ್ಲಿ ಥ್ರೋಬಾಲ್ ಕೋರ್ಟಿನ ಗುರುತಿಗೆಂದು ನಾಲ್ಕು ಮೂಲೆಗೆ ನಾಲ್ಕು ಕಲ್ಲು ಉರುಳಿಸಿ ತಂದಿಟ್ಟಿದ್ದಳು. ಆಮೇಲೆ ಮಳೆ ಬಂತು, ಹುಲ್ಲು ಬೆಳೆಯಿತು, ಕಲ್ಲು ಮರೆತೇಹೋಯಿತು.

ಪಕ್ಕದಲ್ಲಿ ಟೀಮ್ ಕ್ಯಾಪ್ಟನ್ ರಮ್ಯ ಬಾಲ್ ಹಿಡಿದು ಹಲ್ಲು ಕಡಿಯುತ್ತಿದ್ದಳು. “ನಾಳೇನೇ ಮ್ಯಾಚು. ಆ ಕಲ್ಲು ಇಟ್ಟೋರು ಸಿಗ್ಲಿ, ಅವರ ತಲೆಗೇ ಥ್ರೋ ಮಾಡ್ತೀನಿ.”

ವಿಭಾ ಮೆಲ್ಲಗೆ ಎರಡು ಹೆಜ್ಜೆ ದೂರ ಸರಿದಳು.

ಕರೆಪ್ಪ ಮುರಿದ ಬೋಲ್ಟಿನ ತುಂಡು ಹಿಡಿದು ಗೇಟಿಗೆ ಬಂದ. “ಇಂಥಾದೊಂದು ಬೇಕಿತ್ತು. ಅಂಗಡಿ ಎಲ್ಲೈತಿ?”

“ನಾನು ತರ್ತೀನಿ ಅಣ್ಣ.” ವಿಭಾ ತುಂಡು ಇಸಿದುಕೊಂಡು ಓಡಿದಳು.

ಲೇಔಟಿನ ತಿರುವಿನಲ್ಲೇ ಗಂಗಯ್ಯನವರ ಹಾರ್ಡ್‌ವೇರ್ ಅಂಗಡಿ. ಅವರು ತುಂಡನ್ನು ಅಳೆದು, ಥಳಥಳ ಹೊಳೆಯುವ ಬೋಲ್ಟ್ ಕೊಟ್ಟರು. “ತಗೋ ಪುಟ್ಟಿ. ಆನೆ ಹತ್ತಿ ನಿಂತ್ರೂ ಮುರಿಯಲ್ಲ.”

ಅಷ್ಟರಲ್ಲಿ ಕರೆಪ್ಪ ಕಲ್ಲನ್ನು ಪಕ್ಕಕ್ಕೆ ಉರುಳಿಸಿ, ತೂತಿನಲ್ಲಿ ಸಿಕ್ಕಿಕೊಂಡಿದ್ದ ಚೂರನ್ನು ಸುತ್ತಿಗೆಯಿಂದ ಬಡಿದು ತೆಗೆದಿದ್ದ. ಹೊಸ ಬೋಲ್ಟಿನ ತಲೆಯ ಮೇಲಿದ್ದ ನಂಬರ್ ನೋಡಿ ವಾಪಸ್ ಕೊಟ್ಟ.

“ಇದು ಭಾಳ ಗಟ್ಟಿ ಐತಿ. ಬ್ಯಾಡ.”

“ಗಟ್ಟಿ ಇದ್ರೆ ಒಳ್ಳೇದಲ್ವಾ ಅಣ್ಣ?”

“ಕಲ್ಲು ಬಡದಾಗ ಈ ಬೋಲ್ಟ್ ಮುರೀಬೇಕವ್ವಾ. ಅದಕ್ಕಂತನ ಹಾಕೂದು. ಇದು ಮುರೀಲಿಲ್ಲಂದ್ರ ಒಳಗಿನ ಗೇರ್‌ಬಾಕ್ಸ್ ಒಡೀತೈತಿ. ಆಮ್ಯಾಲ ನಿಮ್ಮ ಮ್ಯಾಚ್ ಮುಂದಿನ ತಿಂಗಳ. ತುಂಡಿನ ಮ್ಯಾಲಿದ್ದ ನಂಬರಿನ ಬೋಲ್ಟ್ ತೊಗೊಂಡು ಬಾ.”

ವಿಭಾ ಮತ್ತೆ ಓಡಿದಳು.

“ಅಂಕಲ್, ಇದು ಬೇಡ. ಇದು ಮುರಿಯಲ್ಲ.”

ಗಂಗಯ್ಯ ಕನ್ನಡಕ ಮೇಲೇರಿಸಿದರು. “ಮುರಿಯಲ್ಲ ಅಂತ ವಾಪಸ್ ತಂದ್ಯಾ?”

“ಹೂಂ. ಮುರಿಯೋ ಬೋಲ್ಟ್ ಬೇಕು.”

“ಮೂವತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ. ಗಟ್ಟಿಯಾಗಿದೆ ಅಂತ ಕಂಪ್ಲೇಂಟ್ ತಂದ ಮೊದಲನೇ ಗಿರಾಕಿ ನೀನು.” ಗೊಣಗುತ್ತಲೇ ಅವರು ಹಳೇ ಡಬ್ಬಿ ತಡಕಾಡಿ, ಅದೇ ನಂಬರಿನದನ್ನು ಹುಡುಕಿದರು. “ಎಷ್ಟು ಕೊಡ್ಲಿ?”

ಒಂದು ಎನ್ನಲು ಬಾಯಿ ತೆರೆದ ವಿಭಾ ತಡೆದುಕೊಂಡಳು. ಹುಲ್ಲಿನೊಳಗೆ ಇನ್ನೂ ಮೂರು ಕಲ್ಲಿದ್ದವು.

“ನಾಲ್ಕು.”

ನಾಲ್ಕು ಬೋಲ್ಟ್ ನೋಡಿ ಕರೆಪ್ಪ ಹುಬ್ಬು ಗಂಟಿಕ್ಕಿದ. “ಒಂದ ಹೇಳಿದ್ನಲ್ಲ. ನಾಲ್ಕು ಯಾಕ ತಂದಿ?”

‘ಸ್ಪೇರ್’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ವಿಭಾ ಮಷಿನ್ ಕಡೆ ನೋಡಿದಳು. ರಮ್ಯಳ ಕೈಯಲ್ಲಿದ್ದ ಬಾಲ್ ಕಡೆ ನೋಡಿದಳು.

“ಇನ್ನೂ ಮೂರು ಕಲ್ಲಿದಾವೆ ಅಣ್ಣ. ಎಲ್ಲಾ ನಾನೇ ಇಟ್ಟಿದ್ದು.”

ಕರೆಪ್ಪ ಅಂಗೈಯಲ್ಲಿದ್ದ ಬೋಲ್ಟುಗಳನ್ನು ಮತ್ತೆ ಎಣಿಸಿದ. “ಮೂರು ಕಲ್ಲು ಅದಾವಂತ ಹೇಳೂದು ಬಿಟ್ಟು, ಮೂರು ಬೋಲ್ಟ್ ಜಾಸ್ತಿ ತಂದಿಯೇನವ್ವಾ?”

“ಬೈತೀರೇನೋ ಅಂತ...”

“ಬೈತಿದ್ದೆ. ಬೈದು, ಆಮ್ಯಾಲ ಕಲ್ಲು ತಗೀತಿದ್ವಿ.”

ಅವನು ಬೋಲ್ಟ್ ಬಿಗಿ ಮಾಡುವಷ್ಟರಲ್ಲಿ ವಿಭಾ, ರಮ್ಯ ಕೋಲು ಹಿಡಿದು ಹುಲ್ಲಿಗಿಳಿದರು. ಎರಡು ಕಲ್ಲು ಬೇಗ ಸಿಕ್ಕವು. ಮೂರನೆಯದು ರಮ್ಯಳ ಹೆಬ್ಬೆರಳಿಗೇ ಸಿಕ್ಕಿತು. ಅವಳು ಒಂಟಿಕಾಲಲ್ಲಿ ಕುಣಿಯುತ್ತಾ ಬೈಯಲು ಶುರುಮಾಡಿದಳು. ತಲೆ ಇಲ್ಲ, ಬುದ್ಧಿ ಇಲ್ಲ, ಇಷ್ಟು ದೊಡ್ಡ ಕಲ್ಲು ಯಾಕೆ ಬೇಕಿತ್ತು, ಸುಣ್ಣದ ಗೆರೆ ಸಾಲ್ತಿರ್ಲಿಲ್ವಾ...

ವಿಭಾ ಕಲ್ಲು ಎತ್ತಲು ಬಗ್ಗಿದಳು. ಮಳೆಗೆ ಮಣ್ಣಲ್ಲಿ ಹೂತಿದ್ದ ಅದು ಅಲುಗಲಿಲ್ಲ.

ರಮ್ಯ ಬೈಯುತ್ತಲೇ ಇನ್ನೊಂದು ಕಡೆ ಹಿಡಿದಳು. ಇಬ್ಬರೂ ಏದುಸಿರು ಬಿಡುತ್ತಾ ಕಾಂಪೌಂಡ್ ತನಕ ಹೊತ್ತರು. ಅರ್ಧ ದಾರಿಯಲ್ಲೇ ರಮ್ಯಳ ಬೈಗುಳ ಮುಗಿದುಹೋಗಿತ್ತು.

ಇಷ್ಟಕ್ಕೇನಾ ನಾನು ಹೆದರಿದ್ದು, ಅಂದುಕೊಂಡಳು ವಿಭಾ.

“ಕಾಲ್ ಮೇಲೆ ಹಾಕ್ಕೋಬೇಡ,” ಅಂದಳು ರಮ್ಯ. “ನಿಧಾನಕ್ಕೆ ಇಳಿಸು.”