ಕರಿಕಲ್ ಗುಡ್ಡಕ್ಕೆ ಬೆಂಕಿ ಇಟ್ಟವರು

"ಬೆಂಕಿ ಹಚ್ಚಿದ್ದು ನಾನೇ ಅಂತ ನಮ್ಮವ್ವ ಒಪ್ಪಿಕೊಂಡಾಳ್ರಿ. ಯಾಕ ಹಚ್ಚಿದಿ ಅಂದ್ರ ಮಾತ್ರ ಬಾಯಿ ಬಿಡವಲ್ಲಳು."

ಶಹಾಪುರದ ಮರಿಲಿಂಗಪ್ಪನವರ ಪಡಸಾಲೆಯಲ್ಲಿ ಕೂತು ಹೀಗೆ ಹೇಳಿದವನು ಬುದ್ಧಪ್ರಿಯ. ಅವನು ಸುರಪುರದಲ್ಲಿ ಶಾಲೆಯ ಮಾಸ್ತರ. ತಾಯಿ ದೇವಕಮ್ಮ ಶಿರವಾಳದ ಕಡೆಯ ಹಳ್ಳಿಯೊಂದರಲ್ಲಿ ಕೂಲಿ ಮಾಡಿ ಅವನನ್ನು ಓದಿಸಿದವಳು. ಮೂರು ದಿನದ ಹಿಂದೆ ಮಧ್ಯಾಹ್ನ ಕರಿಕಲ್ ಗುಡ್ಡದ ಮೀಸಲು ಅರಣ್ಯಕ್ಕೆ ಬೆಂಕಿ ಬಿದ್ದು ಅರ್ಧ ಗುಡ್ಡ ಸುಟ್ಟುಹೋಗಿತ್ತು. ದೇವಕಮ್ಮ ಕಡ್ಡಿ ಗೀರಿದ್ದನ್ನು ಗುತ್ತಿಗೆದಾರ ಹಣಮೇಶ ಕಣ್ಣಾರೆ ಕಂಡಿದ್ದ. ಸೋಮವಾರ ಆಕೆ ಕೋರ್ಟಿಗೆ ಹಾಜರಾಗಬೇಕಿತ್ತು.

ರಾಜಾಸಾಬ ಚಹಾದ ಕಪ್ಪು ಕೆಳಗಿಟ್ಟ. ಮರಿಲಿಂಗಪ್ಪ ಸರ್ವೇಯರ್ ಆಗಿದ್ದಾಗ ಮೂವತ್ತು ವರ್ಷ ಅವರ ಅಳತೆಯ ಸರಪಳಿ ಹಿಡಿದವನು ಅವನು. ಸಾಹೇಬರು ನಿವೃತ್ತರಾದ ಮೇಲೂ ಮಂದಿ ಬಗೆಹರಿಯದ ಗೋಜಲುಗಳನ್ನು ಹೊತ್ತು ಅವರ ಮನೆಗೇ ಬರುತ್ತಿದ್ದರು. ರಾಜಾಸಾಬನೂ ಜೊತೆ ಬಿಟ್ಟಿರಲಿಲ್ಲ. ಈ ಸಲ ಮಾತ್ರ ಬಗೆಹರಿಸುವುದಕ್ಕೇ ಅವನಿಗೆ ಏನೂ ಕಾಣಲಿಲ್ಲ. ಹಚ್ಚಿದವಳು ಒಪ್ಪಿದ್ದಾಳೆ, ಕಂಡವನಿದ್ದಾನೆ. ಇನ್ನೇನು ಉಳಿಯಿತು?

"ಯಾಕ ಅನ್ನೋದು ಉಳದದಲ್ಲ," ಎಂದು ಮರಿಲಿಂಗಪ್ಪ ಎದ್ದು ಚಪ್ಪಲಿ ಮೆಟ್ಟಿದರು. "ನಡಿ ರಾಜಾ, ಗುಡ್ಡಾ ನೋಡಿ ಬರೋಣು."

ಗುಡ್ಡದ ಪಡುವಣ ಬುಡದಲ್ಲಿ ರಸ್ತೆ ಹಾದುಹೋಗಿತ್ತು. ಅಲ್ಲಿ ಹಣಮೇಶ ಸಿಕ್ಕ. ಕಾಡಿಗೆ ಬೆಂಕಿ ದಾಟದ ಹಾಗೆ ರಸ್ತೆಯ ಅಂಚಿನ ಹುಲ್ಲು ಕೆತ್ತಿ ಬರಿನೆಲ ಮಾಡುವ ಗುತ್ತಿಗೆ ಅವನದು.

"ಮುದುಕಿ ಮ್ಯಾಲ ಹಚ್ಚಿದ್ಲು, ಬೆಂಕಿ ಇಳಕೊಂತ ಇಲ್ಲಿತನಾ ಬಂತ್ರಿ," ಎಂದ ಅವನು.

"ಆವತ್ತೂ ಗಾಳಿ ಹಿಂಗೇ ಇತ್ತೇನಪಾ?"

"ಇದಕಿಂತ ಜೋರಿತ್ರಿ. ನನ್ನ ಟೊಪಗಿ ಗುಡ್ಡದ ಕಡಿ ಹಾರಿಕೊಂಡ ಹೋತು."

ಮರಿಲಿಂಗಪ್ಪ ತಲೆಯಾಡಿಸಿ ಮುಂದೆ ನಡೆದರು. ರಸ್ತೆಯ ಅಂಚಿನಲ್ಲಿ ಹದಿನೈದು ಮಾರು ಉದ್ದಕ್ಕೆ ಬಿಳಿ ಬೂದಿ ಸಾಲಾಗಿ ಬಿದ್ದಿತ್ತು. ಅದರಾಚೆ ಇಡೀ ಇಳಿಜಾರು ಕರ್ರಗಿತ್ತು. ಸಾಹೇಬರು ಬೂದಿಯೊಳಗೆ ಗೇಣು ಹಾಕಿ ಆಳ ನೋಡಿದರು. ಪೂರಾ ಒಂದು ಗೇಣಿತ್ತು.

"ರಾಜಾ, ಕಲ್ಲು ಯಾವ ಕಡಿ ಕರ್ರಗಾಗ್ಯಾವ ನೋಡಕೊಂತ ಹತ್ತು."

ರಾಜಾಸಾಬ ಪ್ರತಿ ಕಲ್ಲಿಗೂ ಬಗ್ಗಿ ನೋಡುತ್ತ ಹತ್ತಿದ. ಎಲ್ಲವೂ ರಸ್ತೆಯ ಕಡೆಗೇ ಮಸಿ ಹಿಡಿದಿದ್ದವು. ಬೆನ್ನಿಗೆ ಮಸಿ ಇರಲಿಲ್ಲ. ಗುಡ್ಡದ ಮೇಲಿನ ಸಣ್ಣ ತಗ್ಗು ಹತ್ತು ಹೆಜ್ಜೆ ದೂರವಿದ್ದಾಗ ಅವನು ತಟಕ್ಕನೆ ನಿಂತ.

"ಸಾಹೇಬ್ರ, ಇಲ್ಲಿ ತಿರುಗ್ಯಾವ್ರಿ! ಈ ಕಲ್ಲು ಗುಡ್ಡದ ಕಡಿ ಕರ್ರಗ ಅದಾವ."

ತಗ್ಗಿನಲ್ಲಿ ಹಿಡಿ ಸುಟ್ಟುಹೋದ ಕುಡುಗೋಲುಗಳು ಬಿದ್ದಿದ್ದವು. ಒಂದಲ್ಲ, ಮೂರು. ಮರಿಲಿಂಗಪ್ಪ ಅವನ್ನು ವಸ್ತ್ರದಲ್ಲಿ ಸುತ್ತಿ ರಾಜಾಸಾಬನ ಚೀಲಕ್ಕೆ ಹಾಕಿದರು. "ನಾ ಹೇಳೂತನಾ ತಗೀಬ್ಯಾಡ."

ಮರುದಿನ ಮುಂಜಾನೆ, ಮರಿಲಿಂಗಪ್ಪ ಹೇಳಿಕಳಿಸಿದ್ದರಿಂದ, ಅದೇ ತಗ್ಗಿನಲ್ಲಿ ಎಲ್ಲರೂ ಸೇರಿದರು. ಅರಣ್ಯಾಧಿಕಾರಿ ಚೇತನಕುಮಾರ, ಹಣಮೇಶ, ಬುದ್ಧಪ್ರಿಯ, ಹಳ್ಳಿಯ ಒಂದಿಷ್ಟು ಗಂಡಸರು ಹೆಂಗಸರು. ದೇವಕಮ್ಮ ನೆಲ ನೋಡುತ್ತ ನಿಂತಿದ್ದಳು. ಅವಳ ಎರಡೂ ಪಾದಗಳಿಗೆ ಬಟ್ಟೆ ಸುತ್ತಿತ್ತು.

"ಕಲ್ಲು ಬೆಂಕಿ ಬಂದ ಕಡಿಗೇ ಕರ್ರಗಾಗ್ತದ," ಎಂದು ಮರಿಲಿಂಗಪ್ಪ ಶುರುಮಾಡಿದರು. "ರಸ್ತೇದಿಂದ ಇಲ್ಲಿತನಾ ಎಲ್ಲಾ ಕಲ್ಲು ರಸ್ತೀ ಕಡಿ ಸುಟ್ಟಾವ. ಅಂದ್ರ ಬೆಂಕಿ ಕೆಳಗಿಂದ ಮ್ಯಾಲ ಬಂದದ. ಹಣಮೇಶಾ, ನಿನ್ನ ಟೊಪಗಿ ಗುಡ್ಡದ ಕಡಿ ಹಾರಿಸಿದ ಗಾಳಿ ಬೆಂಕೀನ ಹ್ಯಾಂಗ ರಸ್ತೀ ಕಡಿ ಇಳಿಸ್ತು?"

ಹಣಮೇಶ ಕೆಳಗಿನ ರಸ್ತೆಯ ಕಡೆ ತಿರುಗಿ ನೋಡಿದ.

"ಇನ್ನು ಆ ಬಿಳಿ ಬೂದಿ. ನಿಂತ ಹುಲ್ಲು ಸುಟ್ರ ನೆಲ ಕರ್ರಗ ಕಾಣ್ತದ. ಗೇಣು ಆಳ ಬಿಳಿ ಬೂದಿ ಬೀಳಬೇಕಂದ್ರ ಹುಲ್ಲು ಕೆತ್ತಿ ಒಟ್ಟಿ ಸುಡಬೇಕು. ಒಟ್ಟಿದವರು ಯಾರು?"

"ಥಂಡಿ ಹೊತ್ತಿನಾಗ, ನೀರು ಮಂದಿ ಇಟಗೊಂಡು ಸುಡಬೇಕು ಅಂತ ಹೇಳಿದ್ದೆ," ಎಂದ ಚೇತನಕುಮಾರ, ಸಿಟ್ಟು ನುಂಗುತ್ತ.

"ಕೆಲಸ ತಡಾ ಆಗಿತ್ರಿ... ಮಧ್ಯಾಹ್ನಾನೇ ಹಚ್ಚಿಬಿಟ್ಟೆ. ಕೈ ಮೀರಿ ಹೋತು," ಎಂದು ಹಣಮೇಶ ಕುಕ್ಕರಿಸಿದ. "ಖರೇ, ಆಕಿ ಕಡ್ಡಿ ಗೀರಿದ್ದು ಸುಳ್ಳಲ್ಲರಿ!"

"ಸುಳ್ಳಲ್ಲ," ಎಂದರು ಮರಿಲಿಂಗಪ್ಪ. "ನೀ ಹಚ್ಚಿದ್ದು ಉರಕೊಂತ ಬರೂದು ಕಂಡ ಮ್ಯಾಲೇ ಆಕಿ ಗೀರಿದ್ದು. ಈ ಹತ್ತು ಹೆಜ್ಜ್ಯಾಗಿನ ಕಲ್ಲು ಮಾತ್ರ ಉಲ್ಟಾ ಸುಟ್ಟಾವ, ಯಾಕಂದ್ರ ಇಲ್ಲಿಂದ ಎದ್ದ ಬೆಂಕಿ ಒಂದೀಟು ಹಿಂದಕ್ಕ ತೆವಳ್ಯದ. ಉಳಿದದ್ದನ್ನ ಗಾಳಿ ಮುಂದಕ್ಕ ಒಯ್ದದ. ನಡುವ ಸುಟ್ಟು ಬರಿದಾದ ಜಾಗಾದಾಗ ಆಕಿ ಹೊಕ್ಕಾಳ. ದೊಡ್ಡ ಬೆಂಕಿ ಬಂದಾಗ ಇಲ್ಲಿ ತಿನ್ನಾಕ ಅದಕ್ಕ ಏನೂ ಉಳದಿರಲಿಲ್ಲ."

ಚೇತನಕುಮಾರ ದೇವಕಮ್ಮನ ಕಡೆ ತಿರುಗಿದ. "ಇಷ್ಟು ಹೇಳಾಕ ಏನಾಗಿತ್ತವ್ವಾ?"

ಆಕೆ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಮರಿಲಿಂಗಪ್ಪ ಕುಡುಗೋಲು ತೆಗೆಯಲು ಇನ್ನೂ ಹೇಳಿರಲಿಲ್ಲ. ರಾಜಾಸಾಬನಿಗೆ ಹೆಗಲ ಚೀಲ ಭಾರವೆನಿಸಿತು. ಆಗ ಹೆಂಗಸರ ಗುಂಪಿನಿಂದ ಎಳೆ ವಯಸ್ಸಿನವಳೊಬ್ಬಳು ಮುಂದೆ ಬಂದಳು.

"ನಾನೂ ಇದ್ದೆರಿ. ಉಮಾಶ್ರೀ ಅಂತ. ಈಕಿ ಸುಮಂಗಲಾ, ಈಕಿನೂ ಇದ್ಲು. ಹುಲ್ಲು ಕೊಯ್ಯಾಕ ಬಂದಿದ್ವಿ, ಪರ್ಮಿಟ್ ಇರಲಿಲ್ಲ. ನನಗ ಅಂಗನವಾಡಿ ನೌಕರಿ ಸಿಕ್ಕದರಿ. ಕೇಸ್ ಆದ್ರ ಅದು ಹೋಗ್ತದ ಅಂತ ದೇವಕ್ಕ ನಮ್ಮ ಹೆಸರು ಎತ್ತಲಿಲ್ಲ. ನಾವು ಓಡಾಕ ಹೊಂಟಿದ್ವಿ, ಸೆರಗು ಹಿಡದು ಎಳದು ಈ ಸುಡೂ ಬೂದ್ಯಾಗ ಕೆಡವಿದ್ಲು."

"ಹುಚ್ಚಿ, ಯಾಕ ಬಂದಿ ನಡುವ?" ಎಂದು ದೇವಕಮ್ಮ ಮೊದಲ ಸಲ ಬಾಯಿ ತೆರೆದಳು. ಅವಳ ಕಣ್ಣು ತುಂಬಿತ್ತು.

ಮರಿಲಿಂಗಪ್ಪ ಸನ್ನೆ ಮಾಡಿದರು. ರಾಜಾಸಾಬ ಮೂರು ಕುಡುಗೋಲುಗಳನ್ನು ತೆಗೆದು ಅಧಿಕಾರಿಯ ಮುಂದಿಟ್ಟ.

ಚೇತನಕುಮಾರ ಬಗ್ಗಿ ಒಂದು ಕುಡುಗೋಲು ಎತ್ತಿಕೊಂಡ. "ಮೀಸಲು ಅರಣ್ಯದಾಗ ಬೆಂಕಿ ಹಚ್ಚೂದು ಗುನ್ಹೆ," ಎಂದ. "ಆದ್ರ ಜೀವಕ್ಕ ಬಂದಾಗ, ದೊಡ್ಡ ಅನಾಹುತ ತಪ್ಪಿಸಾಕ ಸಣ್ಣದೊಂದು ಮಾಡಿದ್ರ ತಪ್ಪಲ್ಲ ಅಂತ ಕಾನೂನಿನಾಗೇ ಜಾಗಾ ಅದ. ಸೋಮವಾರ ಕೋರ್ಟಿಗಿ ಇದನ್ನೆಲ್ಲಾ ನಾನೇ ಬರದು ಕೊಡ್ತೀನಿ. ಹುಲ್ಲಿಗಿ ಮುಂದ ಪರ್ಮಿಟ್ ತಗೊಂಡು ಬರ್ರಿ. ಹಣಮೇಶ, ನೀ ನನ್ನ ಜೋಡಿ ನಡಿ."

ಬುದ್ಧಪ್ರಿಯ ತಾಯಿಯ ಕೈ ಹಿಡಿದುಕೊಂಡ. "ಅವ್ವಾ, ಇದನ್ನ ಎಲ್ಲಿ ಕಲತಿದ್ದಿ?"

"ಕಲಿಯೂದೇನದ? ಸುಟ್ಟ ಜಾಗಾ ಮತ್ತ ಸುಡ್ತದೇನು?"

ಚೇತನಕುಮಾರನಿಗೆ ನಗು ಬಂತು. "ನಮ್ಮ ಕಾವಲುಗಾರ್ರಿಗಿ ಇದನ್ನ ಹೇಳಿ ಕೊಡ್ತಿಯೇನವ್ವಾ?"

"ಕೊಡ್ತೀನ್ರಿ," ಎಂದಳು ದೇವಕಮ್ಮ, ಕಣ್ಣೊರೆಸಿಕೊಳ್ಳುತ್ತ. "ಕಡ್ಡಿ ಗೀರೂದು ಯಾರಿಗಾದ್ರೂ ಬರ್ತದ. ಬೆಂಕಿ ಎದುರಿಗಿ ಬರೂವಾಗ ಓಡದಂಗ ನಿಂದ್ರೂದು ಮೊದಲ ಕಲಸಬೇಕು."