ನೀಲಿ ಪಟ್ಟಿ

“ಮತ್ತ ಹಳದಿ! ನಿನ್ನ ಮೈಯಾಗ ಆಸಿಡ್ ತುಂಬ್ಯಾದ. ಇವತ್ತೂ ನಿನಗ ರೊಟ್ಟಿ ಇಲ್ಲ!”

ಸಖುಬಾಯಿ ಕಾಗದದ ಪಟ್ಟಿಯನ್ನು ಸೊಸೆಯ ಮುಖಕ್ಕೇ ಹಿಡಿದಳು. ಮೂರು ತಿಂಗಳ ಬಾಣಂತಿ ಸಿದ್ದೇಶ್ವರಿ ತಲೆ ತಗ್ಗಿಸಿದಳು. ಔರಾದಿನ ತವರಿನಿಂದ ಬಂದಿದ್ದ ಜೋಳದ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ ಎಲ್ಲವೂ ನೆರೆಮನೆಯ ಎಮ್ಮೆಯ ಪಾಲಾಗಿದ್ದವು. ಸಖುಬಾಯಿ ಬೀದರಿನ ಯಾವುದೋ ಆರೋಗ್ಯ ಸಭೆಗೆ ಹೋಗಿ ಈ ಪಟ್ಟಿ, ಪುಡಿಯ ಡಬ್ಬಿ ಕೊಂಡು ತಂದಂದಿನಿಂದ ಭಾಲ್ಕಿಯ ಆ ಮನೆಯಲ್ಲಿ ಇದೇ ಕಾನೂನು. ಬೆಳಗಿನ ಮೂತ್ರದಲ್ಲಿ ಅದ್ದಿದ ಪಟ್ಟಿ ನೀಲಿಯಾದರೆ ಸೊಸೆಗೆ ಊಟ. ಹಳದಿಯಾದರೆ ದಿನವಿಡೀ ಡಬ್ಬಿಯ ಪುಡಿ ಕದಡಿದ ನೀರು!

“ಅತ್ತ್ಯಾರ, ಎದ್ಯಾಗ ಹಾಲ ಬರವಲ್ದರಿ... ಕೂಸು ಒಂದೇ ಸಮ ಅಳ್ಲತ್ತದ್ರಿ...”

“ಪುಡ್ಯಾಗ ಎಲ್ಲಾ ಶಕ್ತಿ ಅದ. ನಿಮ್ಮವ್ವನ ಪುಂಡಿಪಲ್ಯದಾಗ ಏನದ? ಬರೇ ಹುಳಿ!”

ಗಂಡ ಶಿವಕಾಂತ “ಅವ್ವ ಹೇಳ್ದಂಗ ಕೇಳು” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಗಂಡಸೆಂಬ ಹೆಸರಿಗೆ ಅವನೊಬ್ಬ!

ಹಸಿದ ಬಾಣಂತಿ ಏನು ಮಾಡಿಯಾಳು? ಮರುದಿನ ಶಾಲೆಯಲ್ಲಿ ಕಲಿತದ್ದು ನೆನೆದು, ಭಜಿಗೆ ಹಾಕುವ ಸೋಡಾವನ್ನು ಚಿಟಿಕೆ ತೆಗೆದು ನೀರಲ್ಲಿ ಕದಡಿ, ಪಟ್ಟಿಯನ್ನು ಅದರಲ್ಲೇ ಅದ್ದಿ ತಂದಳು. ನೀಲಿ! ಅತ್ತೆ ಹಿಗ್ಗಿ ಹೀರೇಕಾಯಿಯಾದಳು. ತಾನೇ ಎರಡು ರೊಟ್ಟಿ ಬಡಿದು ಬಡಿಸಿದಳು. ಸಂಜೆಗೆ ಕೂಸು ಹೊಟ್ಟೆ ತುಂಬ ಕುಡಿದು ಮಲಗಿತು. ಅಂದಿನಿಂದ ಪಟ್ಟಿ ದಿನವೂ ನೀಲಿ.

ಅಯ್ಯೋ, ಆ ನೀಲಿಯೇ ಮನೆಗೆ ಮುಳುವಾಯಿತು! ಇಪ್ಪತ್ತು ಪಟ್ಟಿಗಳನ್ನು ದೇವರ ಜಗುಲಿಯ ಮೇಲೆ ಜೋಡಿಸಿಟ್ಟ ಸಖುಬಾಯಿ, ಸೊಸೆಗೆ ಗುಣ ಕೊಟ್ಟ ಪುಡಿ ತನಗೆ ಕೊಡದೇ ಎಂದುಕೊಂಡು, ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಚುಚ್ಚಿಕೊಳ್ಳುತ್ತಿದ್ದ ಇನ್ಸುಲಿನ್ ಅನ್ನು ಯಾರಿಗೂ ಹೇಳದೆ ಬಿಟ್ಟು ಪುಡಿಯ ನೀರು ಕುಡಿಯತೊಡಗಿದಳು. ಆರನೆಯ ದಿನ ಬಚ್ಚಲಲ್ಲಿ ಬಿದ್ದಳು.

ಬೀದರಿನ ಆಸ್ಪತ್ರೆಯಲ್ಲಿ ಡಾಕ್ಟರು ಶಿವಕಾಂತನ ಮೇಲೆ ರೇಗಿದರು. “ಇನ್ಸುಲಿನ್ ಯಾಕ ಬಿಡ್ಸಿದ್ರಿ? ಈಗ ರಕ್ತದಾಗ ಖರೇನೇ ಆಸಿಡ್ ಏರ್ಯಾದ!”

ಸಿದ್ದೇಶ್ವರಿ ಅತ್ತೆಯ ಕಾಲು ಹಿಡಿದಳು. “ಅತ್ತ್ಯಾರ... ಆ ಪಟ್ಟಿ ಸುಳ್ಳರಿ... ಸೋಡಾ ನೀರಾಗ ಅದ್ದಿ ತರ್ತಿದ್ದೆನ್ರಿ. ಹಸಿವಿ ತಡಿಲಿಲ್ರಿ!”

ಸಖುಬಾಯಿ ಸೊಸೆಯ ಕೈ ಹಿಡಿದು ಹತ್ತಿರ ಎಳೆದುಕೊಂಡಳು. ಬೈಗುಳ ಬರಲಿಲ್ಲ.

“ಹಸಿವಿಗಿ ಸುಳ್ಳ ಹೇಳ್ದಿ... ಹೇಳಿಸ್ದಾಕಿ ನಾನೇ.” ಉಸಿರು ಎಳೆದುಕೊಂಡು ಕೇಳಿದಳು: “ಕೂಸಿಗಿ ಹಾಲ ಸಾಕಾಗ್ತದೇನ?”

“ಆಗ್ತದ್ರಿ...”

“ಹಂಗಾದ್ರ ಉಣ್ಣು.”

ಅದೇ ಕೊನೆಯ ಮಾತಾಯಿತು. ಬೆಳಗಾಗುವಷ್ಟರಲ್ಲಿ ಸಖುಬಾಯಿ ಇರಲಿಲ್ಲ.

ಮಣ್ಣು ಮಾಡಿ ಬಂದ ಶಿವಕಾಂತ ಜಗುಲಿಯ ಪಟ್ಟಿಗಳನ್ನೆಲ್ಲ ಬಳಿದು ಒಲೆಗೆ ಹಾಕಿದ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ನೆರೆಯವರು ರೊಟ್ಟಿ, ಪುಂಡಿಪಲ್ಯ ತಂದಿಟ್ಟು ಹೋದರು. ಪಟ್ಟಿ ತೋರಿಸು ಎನ್ನುವವರು ಈಗ ಯಾರೂ ಇರಲಿಲ್ಲ. ಆದರೂ ಸಿದ್ದೇಶ್ವರಿ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟಳು. ತೊಟ್ಟಿಲಲ್ಲಿ ಕೂಸು ಅತ್ತಿತು. ಅವಳು ಕಣ್ಣೊರೆಸಿಕೊಂಡು ಮತ್ತೆ ರೊಟ್ಟಿ ಮುರಿದಳು.