ಚಿಮಣಿಯ ಹದಿನಾರು ಕಂಬಿಗಳು

ದೂರು ಠಾಣೆಗೆ ಬಂದದ್ದು ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ತಂದವಳು ನಲವತ್ತರ ಆಸುಪಾಸಿನ ಹೆಂಗಸು, ಶಾಲೆಯೊಂದರಲ್ಲಿ ಗಣಿತದ ಟೀಚರು. ಊರಂಚಿನ ಮುಚ್ಚಿದ ನೂಲಿನ ಮಿಲ್ಲಿನಲ್ಲಿ, ಚಿಮಣಿಯ ಬುಡದಲ್ಲಿ ಅವಳ ತಮ್ಮ ಸತ್ತು ಬಿದ್ದಿದ್ದ. ನಸುಕಿಗೇ ಫೋಟೋ ತೆಗೆಯಲು ಹೋದವನು ಫೋನ್ ಎತ್ತಲಿಲ್ಲವೆಂದು ಹುಡುಕಿಕೊಂಡು ಹೋಗಿ, ಮೊದಲು ನೋಡಿದವಳು ಅವಳೇ.

ದಫೇದಾರ ಆಗಲೇ ಅಸಹಜ ಸಾವಿನ ನಮೂನೆ ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿದ್ದ.

"ಕಾಲು ಜಾರಿ ಬಿದ್ದ ಅಂತ ಬರ್ಕೊಳ್ಲಾಮ್ಮ?"

"ಬೇಡಿ. ಅವನು ಜಾರಿಲ್ಲ."

"ಅಷ್ಟು ಎತ್ತರ ಹತ್ತಿದ್ಮೇಲೆ..."

"ಕೆಳಗಿನ ಮೆಟ್ಟಿಲ ಕಂಬಿಗಳೇ ಇಲ್ಲ ಸಾರ್. ಯಾರೋ ಕೊಯ್ದಿದ್ದಾರೆ. ಹದಿನಾರು."

ಇನ್ಸ್‌ಪೆಕ್ಟರ್ ಒಳಕೋಣೆಯಿಂದ ಎದ್ದು ಬಂದರು. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿ ಇಲಾಖೆಗೆ ಸೇರಿದ ಹೆಣ್ಣುಮಗಳು; ಯಾರಾದರೂ ಅಂಕಿ ಹೇಳಿದರೆ ಕಿವಿ ನೆಟ್ಟಗಾಗುತ್ತಿತ್ತು.

"ಎಣಿಸಿದ್ರಾ?"

"ಎಣಿಸ್ದೆ. ಎಣಿಸದೆ ಬಂದಿದ್ರೆ ನೀವು ನಂಬ್ತಿರ್ಲಿಲ್ಲ."

ಒಂಬತ್ತು ಮೂವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಮ್ಮಿನಲ್ಲಿ 'ಅಪರಿಚಿತ' ಎಂದು ಬರೆದರು.

ಹತ್ತೂವರೆಗೆ ಮಿಲ್ಲಿನ ಅಂಗಳದಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಮಂಜು ಆಗಷ್ಟೇ ಕರಗಿತ್ತು. ನೂರ ಹತ್ತು ಅಡಿ ಎತ್ತರದ ಇಟ್ಟಿಗೆ ಚಿಮಣಿ. ತುದಿಗೆ ಸ್ವಲ್ಪ ಕೆಳಗೆ ಮನುಷ್ಯ ನಿಲ್ಲುವಷ್ಟು ಅಗಲದ ಕಬ್ಬಿಣದ ಪಟ್ಟಿ. ಅಲ್ಲಿಯವರೆಗೆ ಗೋಡೆಯಲ್ಲಿ ಹೂತ ಕಂಬಿಗಳೇ ಮೆಟ್ಟಿಲು, ಅಡಿಗೊಂದು. ಈಗ ಮೊದಲ ಕಂಬಿ ಸಿಗುವುದು ಹದಿನೇಳನೇ ಅಡಿಯಲ್ಲಿ. ಅದರ ಕೆಳಗೆ ಗೋಡೆಯಿಂದ ಇಣುಕುತ್ತಿದ್ದದ್ದು ಮೂವತ್ತೆರಡು ಮೊಂಡು ತುದಿಗಳು, ಎರಡು ಸಾಲು, ಎಲ್ಲಕ್ಕೂ ಕೆಂಪು ಬಣ್ಣ.

ಶವ ಮಗ್ಗುಲಾಗಿ ಬಿದ್ದಿತ್ತು. ತಲೆಯ ಕೆಳಗೆ ಅಡಿಪಾಯದ ಕಲ್ಲು. ಎಡ ಅಂಗೈಯಲ್ಲಿ ತುಕ್ಕು, ಬಲ ಅಂಗೈ ಸ್ವಚ್ಛ. ಬಲ ಮಣಿಕಟ್ಟಿಗೆ ಕ್ಯಾಮೆರಾದ ಪಟ್ಟಿ ಎರಡು ಸುತ್ತು ಸುತ್ತಿತ್ತು.

"ಒಂದೇ ಕೈಯಲ್ಲಿ ಇಳೀತಿದ್ದ," ಎಂದರು ಇನ್ಸ್‌ಪೆಕ್ಟರ್. "ಬರ್ಕೊಳ್ಳಿ."

ದಫೇದಾರ ಬರೆದುಕೊಂಡು, ಗೋಡೆಯ ಬದಿಗೆ ಬೆರಳು ತೋರಿದ. ಕೊಯ್ದ ಹದಿನಾರು ಕಂಬಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿತ್ತು, ತಂತಿಯಿಂದ ಬಿಗಿದು.

"ಗುಜರಿ ಕಳ್ಳ ಅಲ್ಲ ಮೇಡಂ. ಕಬ್ಬಿಣ ಬಿಟ್ಟು ಹೋಗಿದ್ದಾನೆ. ಕಳ್ಳರು ಇಷ್ಟು ಅಚ್ಚುಕಟ್ಟಾದ್ರೆ ನಮ್ಮನ್ನೆಲ್ಲ ಮನೆಗೆ ಕಳಿಸ್ತಾರೆ."

ಇನ್ಸ್‌ಪೆಕ್ಟರ್ ಮೊಂಡು ತುದಿಯೊಂದನ್ನು ಸವರಿದರು. ಮಷಿನ್ನಿನಿಂದ ಕೊಯ್ದರೆ ಅಂಚಿನಲ್ಲಿ ಉಳಿಯುವ ಮುಳ್ಳು ಇಲ್ಲಿರಲಿಲ್ಲ. ಉಜ್ಜಿ ನುಣುಪು ಮಾಡಿದ್ದರು. ಬೆರಳಿಗೆ ಕೆಂಪು ಅಂಟಿತು.

"ಏನಿದು?"

"ರೆಡ್ ಆಕ್ಸೈಡು. ತುಕ್ಕು ಹಿಡೀಬಾರ್ದು ಅಂತ ಹೊಡೆಯೋದು," ಎಂದ ದಫೇದಾರ. "ಗ್ರಿಲ್ ಕೆಲಸದೋರಿಗೆ ಕೊಯ್ದ ತುದಿ ಬರಿದೇ ಬಿಟ್ರೆ ಕೈ ತುರಿಸುತ್ತೆ. ನಮ್ಮ ಭಾವನೂ ಅದೇ ಜಾತಿ. ಮನೇಲಿ ಸೌಟಿನ ಹಿಡಿಗೂ ಹೊಡೆದಿಟ್ಟಿದ್ದಾನೆ."

ತಂಪಿನಲ್ಲಿ ಆ ಬಣ್ಣ ಒಣಗಲು ಆರೇಳು ಗಂಟೆ ಬೇಕು. ಅಂದರೆ ಕೆಲಸ ನಡೆದದ್ದು ಇವತ್ತೇ. ಕೊಲ್ಲಲು ಬಂದವನು ಕೈಗೆ ಚುಚ್ಚಬಾರದೆಂದು ಅಂಚು ಉಜ್ಜುತ್ತಾನೆಯೇ? ಇನ್ಸ್‌ಪೆಕ್ಟರ್ ಈ ಪ್ರಶ್ನೆಯನ್ನು ಪಂಚನಾಮೆಯಲ್ಲಿ ಬರೆಸಲಿಲ್ಲ.

ಸತ್ತವನ ಬೈಕು ಸಿಕ್ಕಿದ್ದು ಹಿಂಬದಿಯ ಗೋಡೆಯಾಚೆ, ಪೊದೆಯ ಮರೆಯಲ್ಲಿ. ಒಳಗೆ ಪ್ರವೇಶವಿಲ್ಲವೆಂಬ ಬೋರ್ಡಿತ್ತು. ಕದ್ದು ಬರುವವರೆಲ್ಲ ಅಲ್ಲೇ ನಿಲ್ಲಿಸುತ್ತಿದ್ದರಂತೆ. ಮುಂದಿನ ಗೇಟಿನಿಂದ ಬಂದವನಿಗೆ ಅದು ಕಾಣುವ ಸಾಧ್ಯತೆಯೇ ಇರಲಿಲ್ಲ.

ಕ್ಯಾಮೆರಾದ ಗಾಜು ಒಡೆದಿತ್ತು, ಕಾರ್ಡು ಉಳಿದಿತ್ತು. ಹನ್ನೆರಡೂವರೆಗೆ ಠಾಣೆಯ ಕಂಪ್ಯೂಟರಿನಲ್ಲಿ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರಗಳನ್ನು ತೆರೆದರು. ಕ್ಯಾಮೆರಾದ ಗಡಿಯಾರ ಎರಡು ನಿಮಿಷ ಮುಂದಿತ್ತು. ಇನ್ಸ್‌ಪೆಕ್ಟರ್ ಅದನ್ನು ಕಳೆದು ಸಮಯ ಗುರುತಿಸುತ್ತ ಹೋದರು.

ಐದು ಐವತ್ತು: ಮೇಲಿನ ಪಟ್ಟಿಯಿಂದ ಕೆಳಗೆ ನೋಡಿದ ನೋಟ. ಮಂಜು ಹಾಲಿನಂತೆ ಹರಡಿದೆ, ಚಿಮಣಿಯ ಮುಕ್ಕಾಲು ಭಾಗ ಅದರಲ್ಲಿ ಮುಳುಗಿದೆ.

ಆರು ಐದು: ಆ ಬಿಳುಪಿನ ತಳದಲ್ಲಿ ಕಿತ್ತಳೆ ಬಣ್ಣದ ಒಂದು ಮಚ್ಚೆ.

ಆರು ಎಂಟು: ಮಚ್ಚೆ ಅರಳಿದೆ. ಒಳಗಿನಿಂದ ಉರಿಯುವ ಹೂವಿನಂತೆ.

"ಇದೇನು?" ಎಂದಳು ಅಕ್ಕ.

"ಕಿಡಿ. ಕಂಬಿ ಕೊಯ್ಯೋ ಮಷಿನ್ನಿನ ಕಿಡಿ."

ಅಂಥವು ನಲವತ್ತೊಂದು ಚಿತ್ರಗಳಿದ್ದವು, ಆರು ನಲವತ್ತೇಳರವರೆಗೆ. ಇನ್ಸ್‌ಪೆಕ್ಟರ್ ಪ್ರತಿಯೊಂದರ ವಿವರ ತೆರೆದು ನೋಡಿದರು. ಮೊದಲು ಅರ್ಧ ಸೆಕೆಂಡು, ಆಮೇಲೆ ಒಂದು, ಆಮೇಲೆ ಎರಡು. ಕಿಡಿಗಳು ಚುಕ್ಕೆಯಾಗದೆ ಗೆರೆಯಾಗಲಿ ಎಂದು ಕ್ಯಾಮೆರಾ ಬೆಳಕಿಗೆ ತೆರೆದಿರುವ ಅವಧಿಯನ್ನು ಹೆಚ್ಚಿಸುತ್ತ ಹೋಗಿದ್ದ. ಪ್ರಯೋಗಾಲಯದಲ್ಲಿ ತಾವೂ ಹೀಗೆಯೇ, ಒಂದೊಂದೇ ಬದಲಿಸುತ್ತ, ಊಟ ಮರೆತು ಕೂರುತ್ತಿದ್ದದ್ದು ನೆನಪಾಗಿ ಅವರಿಗೆ ಇರಿಸುಮುರಿಸಾಯಿತು. ಎಷ್ಟು ಸುಂದರವಾಗಿದ್ದವು ಆ ಚಿತ್ರಗಳು. ಕೆಳಗೆ ಯಾರೋ ಇವನಿಳಿಯುವ ದಾರಿಯನ್ನು ಕೊಯ್ಯುತ್ತಿದ್ದಾಗ, ಇವನು ಮೇಲೆ ಕೂತು ಅದರ ಬೆಳಕನ್ನು ಅಳೆಯುತ್ತಿದ್ದ.

"ಒಂದ್ಸಲ ಕೂಗಬಹುದಿತ್ತಲ್ಲ," ಎಂದ ದಫೇದಾರ. "ಯಾರಪ್ಪಾ ಅದು, ಅಂತ."

"ಕೂಗಿದ್ರೆ ನಿಲ್ಲಿಸ್ತಿದ್ರಲ್ಲ ಸಾರ್," ಎಂದಳು ಅಕ್ಕ. "ನಿಲ್ಲಿಸಿದ್ರೆ ಚಿತ್ರ ಎಲ್ಲಿಂದ ಬರ್ಬೇಕು? ಫೋಟೋ ಸಿಕ್ತಿದೆ ಅಂದ್ರೆ ಅವನು ಉಸಿರೂ ಬಿಡ್ತಿರ್ಲಿಲ್ಲ. ಒಂದ್ಸಲ ನಮ್ಮಡುಗೆಮನೇಲಿ ಪರದೆಗೆ ಬೆಂಕಿ ಹತ್ಕೊಂಡಾಗ ಮೊದಲು ಓಡಿದ್ದು ಕ್ಯಾಮೆರಾ ತರೋಕೆ. ಆಮೇಲೆ ನೀರು. ನಾನು ಬೈದೆ. ನಕ್ಕ."

ಕೊನೆಯ ಚಿತ್ರ ಏಳು ಹದಿನಾಲ್ಕರದ್ದು. ಮೂವತ್ತು ಅಡಿ ಎತ್ತರದಿಂದ, ಇಳಿಯುತ್ತಲೇ ತೆಗೆದದ್ದು. ಬಿಳಿ ಮಂಜು, ಗೋಡೆಯ ಗುಂಟ ಇಳಿದು ಹೋಗುವ ಎರಡು ಸಾಲು ಕೆಂಪು ಚುಕ್ಕೆಗಳು. ಬೇರೇನೂ ಇಲ್ಲ.

"ಕಂಬಿ ಇಲ್ಲ ಅನ್ನೋದು ಅವನಿಗೆ ಇದ್ರಲ್ಲೇ ಕಂಡಿದೆ ಮೇಡಂ," ಎಂದ ದಫೇದಾರ ತಗ್ಗಿದ ದನಿಯಲ್ಲಿ.

"ಇಲ್ಲ," ಎಂದಳು ಅಕ್ಕ. "ಕ್ಯಾಮೆರಾ ಕಣ್ಣಿಗಿಟ್ರೆ ಅವನಿಗೆ ಬಣ್ಣ ಕಾಣ್ತಿತ್ತು. ವಸ್ತು ಕಾಣ್ತಿರ್ಲಿಲ್ಲ."

ಆಮೇಲೆ ಮೊದಲ ಬಾರಿಗೆ ಅತ್ತಳು. ದಫೇದಾರ ನೀರು ತರುವ ನೆಪದಲ್ಲಿ ಎದ್ದು ಹೋದ.

ಎರಡು ಗಂಟೆಗೆ ಮಿಲ್ಲಿನ ಹಳೆಯ ಕಡತ ಬಂತು. ಮೂರು ವರ್ಷದ ಹಿಂದೆ ಅದೇ ಚಿಮಣಿಯಿಂದ ಇಪ್ಪತ್ತಮೂರರ ಯುವತಿಯೊಬ್ಬಳು ಬಿದ್ದು ಸತ್ತಿದ್ದಳು. ಅವಳೂ ಫೋಟೋಗ್ರಾಫರ್. ಅವಳ ಕ್ಯಾಮೆರಾದಲ್ಲಿ ಸಿಕ್ಕ ಕೊನೆಯ ಚಿತ್ರ ಆಮೇಲೆ ಪತ್ರಿಕೆಯಲ್ಲಿ ಅಚ್ಚಾಗಿ ಊರೂರು ಸುತ್ತಿತ್ತು: ಸೂರ್ಯ ಹುಟ್ಟುವಾಗ ಮಂಜಿನ ಮೇಲೆ ಉದ್ದಕ್ಕೆ ಮಲಗಿದ ಚಿಮಣಿಯ ನೆರಳು, ಆ ನೆರಳಿನ ತುದಿಯಲ್ಲಿ ಕೈಯೆತ್ತಿ ನಿಂತ ಒಂದು ಪುಟ್ಟ ಕಪ್ಪು ಆಕೃತಿ. ಅವಳದೇ ನೆರಳು. ಅಂಥದೇ ಚಿತ್ರ ಬೇಕೆಂದು ಆಮೇಲೆ ಎಷ್ಟೋ ಜನ ಹತ್ತಿದ್ದರು.

ಕಡತದ ಹಿಂದೆ ಅವಳ ತಂದೆಯ ಅರ್ಜಿಗಳನ್ನು ಪೋಣಿಸಿತ್ತು. ಒಟ್ಟು ಒಂಬತ್ತು. ಎಲ್ಲದರಲ್ಲೂ ಒಂದೇ ಬೇಡಿಕೆ: ಕೆಳಗಿನ ಕಂಬಿಗಳನ್ನು ತೆಗೆಸಿ. ಮಿಲ್ಲಿನ ಆಸ್ತಿ ವ್ಯಾಜ್ಯದಲ್ಲಿದೆ, ಯಾರೂ ಮುಟ್ಟುವಂತಿಲ್ಲ ಎಂದು ಎಂಟಕ್ಕೆ ಉತ್ತರ ಹೋಗಿತ್ತು. ಒಂಬತ್ತನೆಯದಕ್ಕೆ ಉತ್ತರವೂ ಹೋಗಿರಲಿಲ್ಲ. ಅದರ ಮೂಲೆಯಲ್ಲಿ ಹಸಿರು ಶಾಯಿಯಲ್ಲಿ 'ನೋಡಿದೆ. ಕಡತಕ್ಕೆ ಸೇರಿಸಿ' ಎಂದು ಬರೆದು, ಏಳು ತಿಂಗಳ ಹಿಂದಿನ ತಾರೀಕು ಹಾಕಿತ್ತು. ಅಕ್ಷರ ಇನ್ಸ್‌ಪೆಕ್ಟರ್ ಅವರದೇ. ಬರೆದದ್ದು ಅವರಿಗೆ ನೆನಪೇ ಇರಲಿಲ್ಲ.

ಅರ್ಜಿದಾರನ ಉದ್ಯೋಗ: ಗ್ರಿಲ್ ಮತ್ತು ಗೇಟು ತಯಾರಿಕೆ.

"ಇದನ್ನ ಈ ಕೇಸಿನ ದಾಖಲೆಗಳ ಜೊತೆ ಸೇರಿಸಿ."

ದಫೇದಾರ ಹಸಿರು ಶಾಯಿ ನೋಡಿದ, ಅವರ ಮುಖ ನೋಡಿದ. "ಇದೊಂದು ಬೇಕಾ ಮೇಡಂ? ವಿಳಾಸ ಬೇರೆ ಅರ್ಜಿಗಳಲ್ಲೂ ಇದೆ. ನಾಳೆ ವಕೀಲ್ರು ನಿಮ್ಮನ್ನೇ ನಿಲ್ಲಿಸಿ ಕೇಳ್ತಾರೆ."

"ಕೇಳ್ಲಿ. ಸೇರಿಸಿ."

ಅರ್ಜಿದಾರನ ಅಂಗಡಿ ತೆರೆದೇ ಇತ್ತು. ಗೋಡೆಗೆ ಒರಗಿಸಿದ ಏಣಿ, ಮೇಜಿನ ಮೇಲೆ ಬ್ಯಾಟರಿಯ ಕಟಿಂಗ್ ಮಷಿನ್, ಸವೆದ ಮೂರು ಬ್ಲೇಡುಗಳು, ಕೆಂಪು ಡಬ್ಬ, ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆ ಸುತ್ತಿಟ್ಟ ಕುಂಚ. ಅರವತ್ತರ ಮನುಷ್ಯ ಕಿಟಕಿಯ ಗ್ರಿಲ್ಲೊಂದರ ಮೂಲೆಯನ್ನು ಮಟ್ಟಗೋಲಿನಿಂದ ನೋಡುತ್ತಿದ್ದವನು, ಜೀಪು ನಿಂತದ್ದನ್ನು ಕಂಡು ಅದನ್ನು ಕೆಳಗಿಟ್ಟ.

"ಕಂಬಿ ವಿಷಯಾನಾ? ಕೊಯ್ದಿದ್ದು ನಾನೇ. ದಂಡ ಎಷ್ಟಾದ್ರೂ ಕಟ್ತೀನಿ."

ಅವನಿಗೆ ಇನ್ನೂ ತಿಳಿದಿರಲಿಲ್ಲ. ಇನ್ಸ್‌ಪೆಕ್ಟರ್ ಅದನ್ನು ಅವನ ಮುಖದಲ್ಲಿ ಓದಿದರು. ಅಲ್ಲೊಂದು ಸಮಾಧಾನವಿತ್ತು, ಬಹಳ ದಿನದ ಕೆಲಸ ಮುಗಿಸಿದವನದು. ಅದನ್ನು ಕಿತ್ತುಕೊಳ್ಳಬೇಕಾದವರು ತಾವೇ.

"ಕೂತ್ಕೊಳ್ಳಿ ಯಜಮಾನ್ರೇ."

"ಪರ್ವಾಗಿಲ್ಲ, ನಿಂತಿರ್ತೀನಿ."

"ಕೂತ್ಕೊಳ್ಳಿ."

ಹೇಳಿದರು. ಅವನು ತನ್ನ ಅಂಗೈ ನೋಡಿಕೊಂಡ.

"ಎಷ್ಟು ಹೊತ್ತಿಗೆ ಹೋಗಿದ್ರಿ?"

"ಆರಕ್ಕೆ. ಕೊಯ್ದು, ಉಜ್ಜಿ, ಬಣ್ಣ ಹೊಡೆದು ಏಳಕ್ಕೆ ಹೊರಟೆ."

"ಮೇಲೆ ನೋಡಿದ್ರಾ?"

"ಮಂಜಿತ್ತು." ಸ್ವಲ್ಪ ತಡೆದು ಅಂದ, "ಮಂಜಿಲ್ದಿದ್ರೂ ನೋಡ್ತಿರ್ಲಿಲ್ಲ. ಆ ತುದಿ ಕಡೆ ತಲೆ ಎತ್ತಿ ಮೂರು ವರ್ಷ ಆಯ್ತು."

"ಯಾರಾದ್ರೂ ಇದ್ದೀರಾ ಅಂತ ಒಂದ್ಸಲ ಕೂಗಿದ್ರಾ?"

ಕಾನೂನು ಇಡಿಯಾಗಿ ನಿಂತದ್ದು ಆ ಒಂದು ಉತ್ತರದ ಮೇಲೆ ಎಂದು ಇಬ್ಬರಿಗೂ ಗೊತ್ತಿತ್ತು.

"ಇಲ್ಲ," ಎಂದ.

ಸಂಜೆ ನಾಲ್ಕು ಇಪ್ಪತ್ತಕ್ಕೆ ಬಂಧನ ದಾಖಲಾಯಿತು. ಮಷಿನ್, ಏಣಿ, ಡಬ್ಬಗಳನ್ನು ಜಪ್ತಿ ಮಾಡಿ ಚೀಟಿ ಅಂಟಿಸಿದರು. ಠಾಣೆಯಲ್ಲಿ ಗುರುತಿಗೆಂದು ಕಿಡಿಯ ಚಿತ್ರವೊಂದನ್ನು ಅವನ ಮುಂದಿಟ್ಟರು. ದೊಡ್ಡದು ಮಾಡಿದಾಗ ಬೆಳಕಿನ ನಡುವೆ ಏಣಿಯ ಗೆರೆ, ಬಾಗಿದ ಒಂದು ಬೆನ್ನು ಕಾಣುತ್ತಿದ್ದವು.

"ನಾನೇ," ಎಂದ. ಚಿತ್ರದಿಂದ ಕಣ್ಣು ತೆಗೆಯಲಿಲ್ಲ. "ಇದನ್ನ ತೆಗೆಯೋವಾಗ ಅವರಿಗೆ ಮಷಿನ್ ಸದ್ದು ಕೇಳಿಸ್ತಿತ್ತಾ?"

"ಕೇಳಿಸಿರ್ಬೇಕು."

"ಕೂಗಲಿಲ್ಲ."

"ಇಲ್ಲ."

"ನನ್ನ ಮಗಳೂ ಕೂಗ್ತಿರ್ಲಿಲ್ಲ," ಎಂದು ಚಿತ್ರವನ್ನು ಮೇಜಿನ ಮೇಲೆ ನೇರ ಮಾಡಿಟ್ಟ.

ಐದು ಗಂಟೆಗೆ ಹೇಳಿಕೆ ಬರೆದು ಮುಗಿಯಿತು. ಕೊಯ್ಯಲು ಕಾರಣವೇನೆಂಬ ಕಡೆ ಇನ್ಸ್‌ಪೆಕ್ಟರ್ ಅವನು ಹೇಳಿದ್ದನ್ನು ಸಂಗ್ರಹಿಸಿ ಬರೆದಿದ್ದರು: ಮಗಳ ಚಿತ್ರವನ್ನು ಪತ್ರಿಕೆಯವರು ಪ್ರಕಟಿಸಿದರು, ಅದನ್ನು ನೋಡಿ ಜನ ಹತ್ತತೊಡಗಿದರು, ಇನ್ನೊಬ್ಬರು ಬೀಳಬಾರದೆಂದು ಆರೋಪಿಯು ಕಂಬಿಗಳನ್ನು ಕೊಯ್ದನು. ನಿಯಮದಂತೆ ಗಟ್ಟಿಯಾಗಿ ಓದಿ ಹೇಳಿದರು.

"ಎಲ್ಲಾ ಸರಿ ಇದೆಯಾ?"

"ಒಂದು ತಪ್ಪಿದೆ."

ದಫೇದಾರ ತಲೆ ಎತ್ತಿದ.

"ಅವರಾಗೇ ಹಾಕಿದ್ದಲ್ಲ. ಅವಳ ಕೆಲಸ ನಾಲ್ಕು ಜನ ನೋಡ್ಲಿ ಅಂತ ಕಾರ್ಡು ತಗೊಂಡು ಆಫೀಸಿಗೆ ಹೋಗಿ ಕೊಟ್ಟಿದ್ದು ನಾನು. ಯಾವ ಚಿಮಣಿ, ಎಲ್ಲಿದೆ, ಅದನ್ನೂ ಚಿತ್ರದ ಕೆಳಗೆ ಬರೆಸಿದ್ದು ನಾನೇ." ಅವನ ದನಿ ಏರಲಿಲ್ಲ. "ಪತ್ರಿಕೆಯವರು ಅನ್ನೋದು ಹೊಡೆದು ಹಾಕಿ ಮೇಡಂ. ನಾನು ಅಂತ ಬರೀರಿ."

ಇನ್ಸ್‌ಪೆಕ್ಟರ್ ಆ ಪದದ ಮೇಲೆ ಗೆರೆ ಎಳೆದು, ಮೇಲೆ ಅವನು ಹೇಳಿದಂತೆ ಬರೆದು, ತಿದ್ದುಪಡಿಯ ಪಕ್ಕ ಚಿಕ್ಕ ಸಹಿ ಹಾಕಿದರು. ಅವನು ತನ್ನ ಸಹಿ ಹಾಕುವ ಮುನ್ನ ಆ ಶಾಯಿ ಒಣಗುವವರೆಗೆ ಕಾದ.